ದಂಡೆಯ ಮೇಲೆ ಹಗ್ಗ ಹಿಡಿಯುವವರು

ವಿಜಯಪುರ
೧೮ ನವೆಂಬರ್ ೨೦೨೪

ಮಿಲಿಂದನ ಅಪ್ಪನವರಿಗೆ,

ಕಸ್ತೂರಿಯ ನಮಸ್ಕಾರ. ‘ನೀರಿಗೆ ನೆನಪಿಲ್ಲ’ ಎಂದೇನೋ ಒಂದು ಸಾಲು ಎಲ್ಲೋ ಓದಿದ್ದೆ. ‘ನೀರಿಗೆ ಹಗೆಯಿಲ್ಲ’ ಎಂದಿತ್ತೇನೋ. ಮಗ ಹೋದ ಮೇಲೆ ಎರಡನ್ನೂ ನಂಬಲಾಗಿಲ್ಲ. ಬರೆದವರು ಯಾವ ನೀರು ನೋಡಿ ಬರೆದರೋ.

ಹೋದ ವಾರ ತೊರವಿಯಲ್ಲಿ ತಂಗಿ ಲಲಿತಾಳ ಮನೆಯಲ್ಲಿದ್ದೇನೆ ಎಂದು ನಿಮಗೆ ಹೇಳಿದ್ದು ಸುಳ್ಳು. ಮೂಲ್ಕಿಯ ಸಮುದ್ರಕ್ಕೆ ಹೋಗಿದ್ದೆ. ಮಗಳು ಪ್ರಾಚಿ ಅಲ್ಲಿ ಸರ್ಫಿಂಗ್ ಕಲಿಯುತ್ತೇನೆಂದು ಕೇಳಿದಾಗ ನೀವು ‘ನೀರಿನ ಹೆಸರು ತಗೀಬ್ಯಾಡ’ ಎಂದು ಬಬಲೇಶ್ವರದ ಅಕ್ಕನ ಮನೆಗೆ ಹೊರಟುಹೋದಿರಿ. ಭಯ ನನಗೂ ಇತ್ತು. ಹೂಂ ಅನ್ನುವ ಮೊದಲು ನಾನೇ ಇಳಿದು ನೋಡಬೇಕೆನಿಸಿತು.

ಅಲೆಯ ಮೇಲೆ ನಿಲ್ಲುವ ಹಲಗೆಯ ಬಾಲಕ್ಕೆ ಒಂದು ಹಗ್ಗವಿರುತ್ತದೆ. ಅದರ ತುದಿಯನ್ನು ಅಲ್ಲಿ ಸರ್ಫಿಂಗ್ ಕಲಿಸುವ ಯಾಕೂಬನ ಕೈಗಿಟ್ಟು, ‘ನೀವು ದಂಡಿ ಮ್ಯಾಲ ನಿಂತು ಗಟ್ಟಿ ಹಿಡ್ಕೋರಿ’ ಅಂದೆ. ನಮ್ಮ ಬಾವಿಯಲ್ಲಿ ಈಜು ಕಲಿಸುವಾಗ ಹಾಗೆಯೇ ಅಲ್ಲವೇ? ಮಕ್ಕಳ ನಡುವಿಗೆ ಹಗ್ಗ ಕಟ್ಟಿ, ಮೇಲೆ ನಿಂತು ನೀವು ಹಿಡಿದಿರುತ್ತಿದ್ದಿರಿ. ಅವನು ನಕ್ಕುಬಿಟ್ಟ. ‘ಇದು ನಿಮ್ಮ ಕಾಲಿಗೆ ಮಾರಾಯ್ರೆ, ಬಿದ್ದರೆ ಹಲಗೆ ದೂರ ಹೋಗಬಾರದಲ್ಲ. ದಡದಲ್ಲಿ ಹಿಡಿದು ನಿಲ್ಲಲಿಕ್ಕೆ ನಾನೇನು ಎಮ್ಮೆ ಮೇಯಿಸ್ತಾ ಇದ್ದೇನಾ?’ ಸುತ್ತಲಿನ ಹುಡುಗಿಯರೂ ನಕ್ಕರು. ನನಗೆ ನಗು ಬರಲಿಲ್ಲ.

ಹಲಗೆಯ ಮೇಲೆ ಮೊಣಕಾಲೂರುವಷ್ಟೇ ಬಂತು, ನಿಲ್ಲಲು ಬರಲಿಲ್ಲ. ಬಿದ್ದಾಗ ಉಪ್ಪುನೀರು ಮೂಗಿಗೆ ನುಗ್ಗಿತು, ಮೇಲು ಕೆಳಗು ತಿಳಿಯದಾಯಿತು. ಆಮೇಲೆ ಕಾಲಿಗೆ ಮರಳು ಸಿಕ್ಕಿತು. ನೀರು ಎದೆಮಟ್ಟ ಮಾತ್ರ ಇತ್ತು. ಎದ್ದು ನಿಂತು, ಅಲ್ಲೇ ಅತ್ತೆ.

ನಮ್ಮ ಮಿಲಿಂದನಿಗೆ ಸಿಗದೇ ಹೋದದ್ದು ಅದೇ, ಕಾಲೂರುವ ನೆಲ. ಘೋಣಸಗಿಯ ಆ ಕೃಷಿಹೊಂಡಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಎಂಥ ಈಜುಗಾರನ ಕಾಲೂ ನಿಲ್ಲುವುದಿಲ್ಲ. ನೀವು ಕಲಿಸಿದ್ದರಲ್ಲಿ ಏನೂ ಕಡಿಮೆಯಿರಲಿಲ್ಲ. ‘ನಾ ಅಲ್ಲಿ ಇರಬೇಕಿತ್ತು’ ಎಂದು ನಿದ್ದೆಯಲ್ಲೂ ಅನ್ನುತ್ತೀರಿ. ಎಲ್ಲ ದಂಡೆಯ ಮೇಲೂ ನೀವೇ ನಿಂತಿರಲು ಹೇಗೆ ಸಾಧ್ಯ?

ಪ್ರಾಚಿಗೆ ಭಾನುವಾರ ಹೊರಡುವ ಆಸೆ. ನನ್ನ ಒಪ್ಪಿಗೆಯೊಂದೇ ಅವಳಿಗೆ ಸಾಲದು. ‘ಅಪ್ಪ ಹೂಂ ಅನ್ನದ ನಾ ಹೋಗಂಗಿಲ್ಲವ್ವಾ’ ಎಂದು ಚೀಲ ತುಂಬುತ್ತಾಳೆ, ತೆಗೆಯುತ್ತಾಳೆ. ನೀವು ಬೇಡವೆಂದರೆ ಖಂಡಿತ ನಿಲ್ಲುತ್ತಾಳೆ. ಆದರೆ ನಮ್ಮಿಬ್ಬರ ಭಯವನ್ನು ಹೊತ್ತುಕೊಂಡೇ ಬಾಳುತ್ತಾಳೆ. ಅವಳನ್ನು ಕಳಿಸಲು ಬನ್ನಿ. ಬಂದ ಮೇಲೆ ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗಿ.

ನಿಮ್ಮ ದಾರಿ ನೋಡುತ್ತಿರುವ,
ಕಸ್ತೂರಿ

ತಾ.ಕ.: ಪತ್ರ ಮಡಚುವಾಗ ಎದುರು ಮನೆಯ ಸಾವಂತ್ರವ್ವ ಬಂದರು, ಮೊದಲು ನರ್ಸ್ ಆಗಿದ್ದರಲ್ಲ, ಅವರು. ಒಳಗೆ ಕರೆದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಅಂದರು: ‘ಅಕ್ಕಾರ, ಬಬಲೇಶ್ವರದಾಗ ನಿಮ್ಮವರು ಸಿಕ್ಕಿದ್ರು. ಸಮುದ್ರದ ನೀರ ಕುಡದ್ರ ಏನ ಔಷಧ ಕೊಡಬೇಕ್ರಿ ಅಂತ ಕೇಳಿದ್ರು. ಯಾರಿಗ್ರಿ ಅಂದ್ನಿ. ನಮ್ಮ ಪ್ರಾಚಿಗಿ, ಸಮುದ್ರಕ್ಕ ಹೊಂಟಾಳ ಅಂದ್ರು.’