ಅಪ್ಪ ನಡೆಯುತ್ತಿದ್ದ ದಂಡೆ

ಆಗಸ್ಟ್ 4, ಸೋಮವಾರ. ಸಂಜೆ

ಕೂದಲಲ್ಲಿ ಇನ್ನೂ ಕ್ಲೋರಿನ್ ವಾಸನೆ. ಇವತ್ತೂ ಎಡಗಡೆಯಿಂದ ಬಂದ ಪಾಸ್ ತಪ್ಪಿತು. ಚೆಂಡು ನೇರ ಕಿವಿಗೆ. ಎಸೆದವಳು ಮಿನಾಜ್ — ದೇವದುರ್ಗದವಳು, ರಾಯಚೂರಿನ ಈ ರೂಮಿನಲ್ಲೂ ನನ್ನ ಜೊತೆಗಾತಿ.

“ಏನ್ ಬೇ ಮೌನೇಶ್ವರಿ, ಎಡಗಡಿ ಬರೇ ಕಿವಿ ಅದ ಏನ್? ಕಣ್ಣಿಲ್ಲೇನ್?”

ಎಲ್ಲರೂ ನಕ್ಕರು. ನಾನೂ. 

ಬಲಭುಜ ನೋಯುತ್ತಿದೆ. ವಿಭಾಗ ಮಟ್ಟದ ವಾಟರ್ ಪೋಲೋ ತಂಡದ ಸೆಲೆಕ್ಷನ್ 17ಕ್ಕೆ. ತಂಡಕ್ಕೆ ಹದಿಮೂರು ಜನ ಬೇಕು. ನಾವು ಹದಿನಾರು.

ಆಗಸ್ಟ್ 5

ಕೋಚ್ ಜಿಲಾನಿ ಪಾಷಾ ಸರ್ ಎಲ್ಲರ ಎರಡೂ ಬದಿ ಪರೀಕ್ಷಿಸಿದರು. ರಬ್ಬರ್ ಬ್ಯಾಂಡ್ ಎಳೆಯುವುದು, ಕೈ ಬೆನ್ನ ಹಿಂದೆ ಒಯ್ಯುವುದು, ಕುತ್ತಿಗೆ ತಿರುಗಿಸುವುದು. ಎಂ.ಎ. ಛಂದಸ್ಸಿನ ಕ್ಲಾಸು ನೆನಪಾಯಿತು — ನನ್ನ ಬಲ ಗುರು, ಎಡ ಲಘು. ಕುತ್ತಿಗೆ ಎಡಕ್ಕೆ ಅರ್ಧವೇ ತಿರುಗಿತು.

“ನಾಳಿ ಡಾಕ್ಟರ್‌ಗೆ ತೋರ್ಸಿ ಬಾ” ಅಂದರು.

ಮೂಳೆ ಸವೆದಿದ್ದರೆ?... ತಂಡದಿಂದ ತೆಗೆದರೆ? ಅಪ್ಪನಿಗೆ ಫೋನ್ ಮಾಡಲಿಲ್ಲ.

ಆಗಸ್ಟ್ 6

ಮೂಳೆಗೆ ಏನೂ ಆಗಿಲ್ಲ! ಸ್ನಾಯು ಬಿಗಿದಿದೆ, ಅಷ್ಟೇ. ಆಸ್ಪತ್ರೆ ಎದುರಿನ ಬಂಡಿಯಲ್ಲಿ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದೆ. ಇನ್ನೊಂದು ಪ್ಲೇಟೂ.

ಸರ್ ಅಂದರು: “ಚೆಂಡು ಒಗಿಯೋ ಕೈ ಜೋರ್ ಇರೋದು ಈ ಆಟದಾಗ ರೋಗ ಅಲ್ಲ. ನನ್ನ ಚಿಂತಿ ನಿನ್ನ ಕುತ್ತಿಗಿದು. ಈಜಾಕ ಎಲ್ಲಿ ಕಲ್ತಿ?”

“ಕಾಲುವಿಯಾಗ್ರಿ. ಪೋತ್ನಾಳ ಹತ್ರ.”

ಎಲ್ಲ ಹೇಳಿಬಿಟ್ಟೆ. ಅಪ್ಪ ಕಾಲುವೆಯ ಗ್ಯಾಂಗ್‌ಮನ್. ನೀರು ನೋಡುತ್ತ ಬಲದಂಡೆಯ ಮೇಲೆ ನಡೆಯುತ್ತಿದ್ದ. ನಾನು ಹರಿವಿನ ಜೊತೆ ಈಜುತ್ತಿದ್ದೆ. ಉಸಿರಿಗೆ ಮುಖ ಎತ್ತಿದಾಗಲೆಲ್ಲ ಅವನ ಕಡೆಗೆ. ಆ ಸೆಳೆತಕ್ಕೆ ಎದುರು ಈಜಲು ಆಗದು, ಮರಳುವಾಗ ಸೈಕಲ್ಲು. ಹಾಗಾಗಿ ಅಪ್ಪ ಯಾವತ್ತೂ ನನ್ನ ಬಲಕ್ಕೇ. ಮಿನಾಜ್ ಬಾವಿಯಲ್ಲಿ ಕಲಿತವಳು. ಅವಳಿಗೆ ಸುತ್ತಲೂ ದಂಡೆ.

ಸರ್ ಬಹಳ ಹೊತ್ತು ನಕ್ಕರು. “ನಿಮ್ಮಪ್ಪನ್ನ ಕರಸು.”

ಆಗಸ್ಟ್ 10, ಭಾನುವಾರ

ಅಪ್ಪ ಬಂದ, ರೊಟ್ಟಿ ಗಂಟಿನ ಸಮೇತ. ಬಂದವನು ಕೊಳದ ದಂಡೆಯಲ್ಲಿ ನನ್ನ ಬಲಗಡೆಯೇ ಕೂತ.

ಸರ್ ಅಪ್ಪನಿಗೆ ಅಂದರು: “ಹಂಪಯ್ಯನೋರೆ, ಆ ಕಡಿ ಹೋಗ್ರಿ. ಮಗಳ ಎಡಕ್ಕ ಇರ್ರಿ. ಆಕಿ ಹೊಳ್ಳಿ ಬರಾಕತ್ರ ನೀವು ಮತ್ತ ಈ ಕಡಿ ಬರ್ರಿ.”

ನಾನು ಗೋಡೆ ಮುಟ್ಟಿ ತಿರುಗಿದಾಗಲೆಲ್ಲ ಅಪ್ಪ ಕೊಳ ಸುತ್ತಿ ಓಡಬೇಕು. ಲುಂಗಿ ಎತ್ತಿ ಕಟ್ಟಿ ಓಡಿದ.

“ಇಷ್ಟ್ ವರ್ಷ ನೀರು ಕಾದೀನ್ರಿ ಸಾರ್. ಹೋದ ನೀರು ಹೊಳ್ಳಿ ಬಂದದ್ದು ಇಲ್ಲೇ ನೋಡಿದ್ದು!”

ಮಿನಾಜ್ ನಗುತ್ತ ನೀರು ಕುಡಿದಳು. ನನ್ನ ಕುತ್ತಿಗೆ ಹೊಸ ಕಡೆ ನೋಯುತ್ತಿದೆ.

ಆಗಸ್ಟ್ 17, ಭಾನುವಾರ. ಮಧ್ಯಾಹ್ನ

ಸೆಲೆಕ್ಷನ್ ಮ್ಯಾಚ್ ಮುಗಿಯಿತು. ಮೊದಲ ಅರ್ಧ ಅಪ್ಪ ನನ್ನ ಎಡಕ್ಕೇ ನಿಂತಿದ್ದ. ಪಾಸ್ ತಪ್ಪಲಿಲ್ಲ. ಆಮೇಲೆ ತಂಡಗಳು ಕಡೆ ಬದಲಿಸಿದವು. ಅಪ್ಪನೂ ಬದಲಿಸಬೇಕಿತ್ತು.

ಕೊನೆ ಕೊನೆಗೆ ಮಿನಾಜ್ ಕೂಗಿದಳು. ಎಡಕ್ಕೆ ತಿರುಗಿದೆ. ದಂಡೆ ಖಾಲಿ. ಚೆಂಡು ಬರುತ್ತಿತ್ತು. ಹಿಡಿದೆ. ಎಸೆದೆ.

ಚೆಂಡು ಗೋಲ್ ಕಂಬಕ್ಕೆ ಬಡಿಯಿತು. ಇರಲಿ... ಹದಿಮೂರರಲ್ಲಿ ನನ್ನ ಹೆಸರು ಇದೆ. ಇದೆ!

“ಎಲ್ಲಿ ಹೋಗಿದ್ದಿಯಪ್ಪಾ?”

“ಚಾ ಕುಡ್ಯಾಕ. ಓಡಿ ಓಡಿ ಸಾಕಾಗಿತ್ತಬೇ. ಯಾಕ, ಹುಡುಕಿದೇನ್?”

“ಇಲ್ಲ” ಅಂದೆ. ನಿಜವೇ. ಅಪ್ಪನಿಗೆ ತುಸು ಬೇಜಾರಾದಂತೆ ಕಂಡಿತು. ಮಿರ್ಚಿ ಕೊಡಿಸಿದೆ.

ಅದೇ ದಿನ, ಊರಿನ ಬಸ್ಸಿನಲ್ಲಿ

ಕಲ್ಲೂರು ದಾಟಿತು. ಅಕ್ಷರಗಳು ಕುಣಿಯುತ್ತಿವೆ. ಅಪ್ಪ ನನ್ನ ಎಡಕ್ಕೆ, ಕಿಟಕಿಯ ಹತ್ತಿರ. ಹೊರಗೆ ಏನನ್ನೋ ತೋರಿಸುತ್ತ ಮೊಣಕೈಯಿಂದ ತಿವಿಯುತ್ತಿದ್ದಾನೆ. ಇರು, ತಿರುಗಿ —