ಮೊಣಕೈಗೆ ಹಚ್ಚಿದ ಎಣ್ಣೆ

ಗುರುವಾರ, ಹದಿನಾಲ್ಕು.

ಮಗಳು ಗುಬ್ಬಿಯ ಉಗುರು ತೆಗೆಯಲು ನೇಲ್ ಕಟರ್ ಹುಡುಕುತ್ತಾ ಇವರ ಶೇವಿಂಗ್ ಡಬ್ಬಿಗೆ ಕೈ ಹಾಕಿದೆ. ಸಿಕ್ಕಿದ್ದು ಸ್ಟೀರಾಯ್ಡ್ ಮುಲಾಮಿನ ಟ್ಯೂಬು. ಚರ್ಮದ ಡಾಕ್ಟರು ಬರೆದುಕೊಟ್ಟಿದ್ದು, ಮಗುವಿಗೆ ಸುತರಾಂ ಬೇಡವೆಂದು ನಾನು ಹಟ ಹಿಡಿದಿದ್ದು. ಮುಕ್ಕಾಲು ಖಾಲಿ.

ಒಂದು ತಿಂಗಳಿಂದ ಮಗಳ ಮೊಣಕೈ ಸಂದಿಗೆ ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದವಳು ನಾನು. ಓಟ್ಸ್ ನೆನೆಸಿದ ನೀರಿನಲ್ಲಿ ಮೀಯಿಸಿದವಳು ನಾನು. ಇಸುಬು ಇಳಿದಾಗ ಶಾಲೆಯ ಗೇಟಿನಲ್ಲಿ ಸಿಕ್ಕಸಿಕ್ಕ ತಾಯಂದಿರಿಗೆಲ್ಲ ಡಂಗುರ ಸಾರಿದವಳೂ ನಾನೇ. ಇವರು ಪಕ್ಕದಲ್ಲೇ ನಿಂತು ಹೌದೌದೆಂದು ತಲೆಯಾಡಿಸುತ್ತಿದ್ದರು.

"ನೀನು ಕೆಲಸಕ್ಕೆ ಹೋದ್ಮೇಲೆ ಹಚ್ತಿದ್ದೆ. ಹೇಳಿದ್ರೆ ಬಿಡ್ತಿದ್ಯಾ?" ಎಂದರು.

ಬಿಡುತ್ತಿರಲಿಲ್ಲ, ನಿಜ. ಹಾಗಂತ ಒಂದೇ ಸೂರಿನಡಿ ಇದ್ದುಕೊಂಡು ನನ್ನ ಕಣ್ಣಿಗೆ ಮಣ್ಣೆರಚುವುದೇ? ಇವರ ಜೊತೆ ಮಾತು ಬಿಟ್ಟಿದ್ದೇನೆ.

ಮಲಗಿಸುವಾಗ ಗುಬ್ಬಿಯನ್ನೂ ಕೇಳಿದೆ, ನೀನಾದರೂ ಯಾಕೆ ಹೇಳಲಿಲ್ಲ ಎಂದು. ಐದು ವರ್ಷದ ಮಗು ನನ್ನ ಕೆನ್ನೆ ಸವರಿ ಹೇಳಿತು: "ಎಣ್ಣೆ ಹಚ್ಚುವಾಗ ನೀನು ಎಷ್ಟು ಖುಷಿಯಾಗಿರ್ತೀಯಲ್ಲಮ್ಮಾ, ಅದಕ್ಕೆ."

ಇವರ ಮೇಲಿನ ಸಿಟ್ಟು ನಾಲ್ಕು ದಿನಕ್ಕೆ ಇಳಿದೀತು. ಆದರೆ ತಿಂಗಳಿಡೀ ಅವಳು ಮೊಣಕೈ ಚಾಚಿ ಕೂತಿದ್ದು ತನ್ನ ತುರಿಕೆಗಲ್ಲ, ನನ್ನ ಸಮಾಧಾನಕ್ಕೆ ಎಂದರೆ, ಅದನ್ನು ಎಷ್ಟು ದಿನಕ್ಕೆ ಮರೆತೇನು?