ಮಧುಶ್ರೀ ಮನೆಯ ಕನ್ನಡಿ ಮೇಜು

ಹಾನಗಲ್ಲ
18 ನವೆಂಬರ್ 2025

ಪ್ರೀತಿಯ ಗೆಳತಿ ಮಧು,

ಫೋನಿನಾಗ ನಿನ್ನ ದನಿ ಕೇಳಿದರ ನನಗ ಸಿಟ್ಟೂ ಬರತೈತಿ, ಅಳೂ ಬರತೈತಿ. ಅದಕ್ಕ ಬರೆಯಾಕತ್ತೇನಿ.

ಮೊನ್ನೆ ರವಿವಾರ ಹಂಗ್ಯಾಕ ಮಾಡಿದಿ ಅಂತ ಕೇಳಿದ್ದೀ. ನಮ್ಮ ಮನಿಯವರು ಮಾಡಿದ ಮಂಚ, ಕುರ್ಚಿ, ತೂಗುಮಂಚ ಎಲ್ಲಾ ಶಿಗ್ಗಾವಿಯ ನಿನ್ನ ದೊಡ್ಡ ಮನ್ಯಾಗ ಇಟ್ಟು, ರವಿವಾರಕ್ಕೊಮ್ಮೆ ಮಂದೀನ ಕರದು, ಚಹಾ ಕೊಟ್ಟು, ಕುಂತು ನೋಡ್ರಿ ಅಂತ ತೋರಿಸೋದು ನಿನ್ನದೇ ವಿಚಾರ. ಅದರಿಂದ ಇವರ ಕೆಲಸಕ್ಕ ಹೆಸರು ಬಂತು, ಇಲ್ಲ ಅನ್ನಂಗಿಲ್ಲ. ಆದರ ರವಿವಾರ ಬಂತಂದರ ಇವರು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಹೊರಡತಿದ್ದರು. ನೀ ಬ್ಯಾರೆ, ಮೊದಲು ಇವರನ್ನ ರುದ್ರೇಶಣ್ಣ ಅಂತಿದ್ದಾಕಿ ಈಗ ಬರೇ ರುದ್ರೇಶ ಅಂತೀ. ಒಂದಿನ ನೋಡೇ ಬಿಡೋಣ ಅಂತ ಯಾರಿಗೂ ಹೇಳದ ಬಸ್ ಹತ್ತಿ ಬಂದೆ.

ಬಾಗಿಲದಾಗ ನಿಂತಾಗ ಮೊದಲು ಕಂಡದ್ದು ಕಿಡಕಿ ಬದಿಯ ಆ ಕನ್ನಡಿ ಮೇಜು. ಅದರ ಚೌಕಟ್ಟಿನ ತುಂಬ ನಾ ಕಸೂತಿ ಹಾಕುವ ಗೋಪುರ, ನವಿಲು ಕೆತ್ತಿದ್ದರು. ಬ್ಯಾಸಗ್ಯಾಗ ಇವರು ಕೇಳಿದ್ದಕ್ಕ ನಾನೇ ಕಾಗದದ ಮ್ಯಾಲೆ ಬರೆದುಕೊಟ್ಟಿದ್ದೆ. ನನಗ ಮಾಡಾಕತ್ತಾರ ಅಂತ ತಿಳಕೊಂಡಿದ್ದೆ, ಮಧು.

ಹುಬ್ಬಳ್ಳಿಯ ಗಂಡ ಹೆಂಡತಿ ಅದರ ಮುಂದ ನಿಂತಿದ್ದರು. ಆ ಹೆಣ್ಣಮಗಳು ನಿನ್ನ ಕಡೆ ತಿರುಗಿ, ನಿಮ್ಮ ಟೇಸ್ಟು ಭಾಳ ಛಲೋ ಐತ್ರಿ, ಗಂಡ ಹೆಂಡತಿ ಕೂಡಿ ಮಾಡೋ ಕೆಲಸ ಹಿಂಗಿರಬೇಕು ಅಂದಳು. ನೀ ನಕ್ಕಿ. ಇವರೂ ನಕ್ಕರು. ಅಲ್ಲ ಅಂತ ಇಬ್ಬರೂ ಅನ್ನಲಿಲ್ಲ. ನಿನ್ನ ಗಂಡ ಶಂಭುಲಿಂಗಣ್ಣ ಆವತ್ತು ಊರಾಗ ಇದ್ದಿಲ್ಲ ಅಂತ ಆಮ್ಯಾಲೆ ಗೊತ್ತಾತು.

ನಾ ಒಳಗ ಬಂದು ಆ ಮೇಜಿನ ಮುಂದ ಕುಂತೆ. ಇದು ಮಾರೋದಲ್ರಿ, ಇವರ ಹೆಂಡತೀದು, ನಾನೇ ಆಕಿ ಅಂದೆ. ಆ ಹುಬ್ಬಳ್ಳಿಯವರು ಚಹಾ ಅರ್ಧಕ್ಕ ಬಿಟ್ಟು ಹೊರಟರು. ನಿನ್ನ ಮಾರಿ ಕೆಂಪಗಾತು. ಆಗ ನನಗ ಎಷ್ಟು ಸಮಾಧಾನ ಆತು ಅನ್ನೋದನ್ನ ಬರೆಯಾಕ ನಾಚಿಕಿ.

ಮೇಜು ಟೆಂಪೋದಾಗ ಹೇರಿಕೊಂಡು ಬರುವಾಗ, ನನ್ನ ಹೆಸರು ಹೇಳಾಕ ನಿಮಗೇನಾಗಿತ್ತು ಅಂತ ಇವರನ್ನ ಕೇಳಿದೆ. ನೀ ಬರತೀ ಅಂತ ಗೊತ್ತಿದ್ದಿಲ್ಲಲ್ಲ ಅಂದರು. ಅದರಾಗ ತಪ್ಪೈತಿ ಅಂತ ಅವರಿಗೆ ಅನ್ನಿಸಲೇ ಇಲ್ಲ. ಬಂಕಾಪುರ ದಾಟಿದ ಮ್ಯಾಲೆ ಅವರೇ ಮೆಲ್ಲಕ, ಅಲ್ಲಿ ಮಂದಿ ನನ್ನ ಕೆಲಸ ಮುಟ್ಟಿ ಮುಟ್ಟಿ ನೋಡತಾರ, ನೀ ಒಂದಿನಾನೂ ನನ್ನ ಕೆಲಸದ ಶೆಡ್ಡಿಗೆ ಬಂದಿಲ್ಲ ಅಂದರು. ಸೋಮವಾರ ಮುಂಜಾನೆ ಅವರ ಹಿಂದ ನಾನೂ ಶೆಡ್ಡಿಗೆ ಹೋದೆ.

ಇವತ್ತೂ ಹೋಗಿದ್ದೆ, ಇನ್ನ ದಿನಾ ಹೋಗತೇನಿ. ನಿನ್ನ ಮನ್ಯಾಗ ತೋರಿಸೋದು ಬ್ಯಾಡ ಅಂತ ನಾ ಹೇಳಂಗಿಲ್ಲ. ಆದರ ಇನ್ನ ಮುಂದ ಇವರ ಜೊತಿ ನಾನೂ ಬರತೇನಿ. ನೀ ಮತ್ತ ಅಣ್ಣ ಅಂತ ಕರೀ.

ನಿನ್ನ ಮ್ಯಾಲೆ ಇನ್ನೂ ಸಿಟ್ಟು ಇಳಿಯದ,
ಮಲ್ಲಿಕಾ

ತಾ.ಕ.: ಕನ್ನಡಿ ಮೇಜು ನಮ್ಮ ಬಾಗಿಲದಾಗ ಹಿಡಿಸಲಿಲ್ಲ. ಹಿಡಿಸಂಗಿಲ್ಲ ಅಂತ ಇವರು ಮೊದಲೇ ಹೇಳಿದ್ದರು, ನಾ ಹಟ ಮಾಡಿ ತಂದೆ. ಈಗ ಅಂಗಳದಾಗ ತಾಡಪತ್ರಿ ಹೊದ್ದು ನಿಂತೈತಿ. ಆ ಹುಬ್ಬಳ್ಳಿಯವರ ನಂಬರ ಇದ್ದರ ಕಳಿಸು, ಮೇಜು ಅವರೇ ಒಯ್ಯಲಿ. ಚಿತ್ತಾರ ಬರೆದಾಕಿ ಯಾರು, ಕೆತ್ತಿದವರು ಯಾರು ಅಂತ ಅವರಿಗೆ ನಾನೇ ಹೇಳತೇನಿ.